ವಿಮಾನದಲ್ಲಿ ಜೈನ ಊಟ: ಟಿಕೆಟ್‌ನಿಂದ ತಟ್ಟೆಯವರೆಗೆ

ಕಳೆದ ವರ್ಷ ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆಂದು ಒಬ್ಬರೇ ಅಮೆರಿಕಕ್ಕೆ ಹೊರಟರು. ಅರವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ಮೂವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗ. ಅಳಿಯ ಟಿಕೆಟ್ ಮಾಡಿಸುವಾಗಲೇ ಎರಡೂ ವಿಮಾನಗಳಿಗೆ ಜೈನ ಊಟ ಬರೆಸಿದ್ದ. ಮೊದಲ ವಿಮಾನ ತಡವಾಯಿತು, ನಡುವಿನ ನಿಲ್ದಾಣದಲ್ಲಿ ಎರಡನೆಯದು ತಪ್ಪಿತು, ಬೇರೆ ವಿಮಾನ ಹತ್ತಿಸಿದರು. ಹದಿನಾಲ್ಕು ಗಂಟೆಯ ಆ ಪ್ರಯಾಣದಲ್ಲಿ ಅವರ ಹೆಸರಿಗೆ ಜೈನ ಊಟ ಇರಲೇ ಇಲ್ಲ. ಗಗನಸಖಿ ಪಾಪ, ಹುಡುಕಿ ಒಂದು ಸಸ್ಯಾಹಾರಿ ತಟ್ಟೆ ತಂದಿಟ್ಟಳು. ಅದರಲ್ಲಿ ಆಲೂಗಡ್ಡೆ, ಈರುಳ್ಳಿ. ಒಂದು ಬಾಳೆಹಣ್ಣು ಮತ್ತು ಚಿಕ್ಕ ಪೊಟ್ಟಣದ ಬಾದಾಮಿ ತಿಂದು, ಮಾತ್ರೆ ನುಂಗಿ ಕುಳಿತವರು, ಇಳಿಯುವ ಹೊತ್ತಿಗೆ ನಡೆಯಲಾಗದೆ ಗಾಲಿಕುರ್ಚಿಯಲ್ಲಿ ಹೊರಬಂದರು.

ಇಂಥ ಕಥೆ ನಮ್ಮ ಸಮಾಜದ ಹಲವು ಮನೆಗಳಲ್ಲಿದೆ. ಬೆಳಗಾವಿ, ಧಾರವಾಡ, ಹಾಸನ, ಮೂಡುಬಿದಿರೆ ಎನ್ನದೆ ಎಲ್ಲ ಕಡೆಯ ಮಕ್ಕಳು ಓದಿಗೆ, ನೌಕರಿಗೆ ಹೊರದೇಶದಲ್ಲಿದ್ದಾರೆ. ಅವರ ಹಿಂದೆ ತಂದೆ ತಾಯಿ ವರ್ಷಕ್ಕೊಮ್ಮೆಯಾದರೂ ಹೋಗಿಬರುತ್ತಾರೆ. ಟಿಕೆಟ್‌ನಲ್ಲಿ ‘ಜೈನ ಊಟ’ ಎಂದು ಬಿದ್ದರೆ ಚಿಂತೆ ಮುಗಿಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಆ ನಾಲ್ಕಕ್ಷರದ ಸಂಕೇತ ನಿಜಕ್ಕೂ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಹೊರಡುವ ಮುನ್ನವೇ ತಿಳಿದುಕೊಳ್ಳುವುದು ಒಳ್ಳೆಯದು.

ಸಂಕೇತ ಹೇಳುವುದು

ವಿಮಾನ ಸಂಸ್ಥೆಗಳು ವಿಶೇಷ ಊಟಕ್ಕೆ ಜಗತ್ತಿನಾದ್ಯಂತ ಒಂದೇ ಬಗೆಯ ಸಂಕೇತಗಳನ್ನು ಬಳಸುತ್ತವೆ. ಜೈನ ಊಟದ್ದು ವಿ.ಜೆ.ಎಂ.ಎಲ್. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ ಮುಂತಾದ ಗೆಡ್ಡೆಗಳೂ ಇದರಲ್ಲಿ ಇರಬಾರದು. ಎ.ವಿ.ಎಂ.ಎಲ್. ಎಂದರೆ ಭಾರತೀಯ ಮಸಾಲೆಯ ಸಸ್ಯಾಹಾರ, ಅದರಲ್ಲಿ ಗೆಡ್ಡೆಗಳಿರುತ್ತವೆ. ವಿ.ಎಲ್.ಎಂ.ಎಲ್.ನಲ್ಲಿ ಹಾಲಿನ ಜೊತೆ ಮೊಟ್ಟೆಯೂ ಬರಬಹುದು. ಎಲ್ಲಕ್ಕಿಂತ ದಾರಿ ತಪ್ಪಿಸುವುದು ಎಚ್.ಎನ್.ಎಂ.ಎಲ್., ಅಂದರೆ ‘ಹಿಂದೂ ಊಟ’. ಹೆಸರು ನೋಡಿ ಸಸ್ಯಾಹಾರ ಎಂದುಕೊಂಡು ಒತ್ತಿದವರಿದ್ದಾರೆ. ಅದು ಗೋಮಾಂಸವಿಲ್ಲದ ಮಾಂಸಾಹಾರ. ಮಕ್ಕಳು ಅವಸರದಲ್ಲಿ ಟಿಕೆಟ್ ಮಾಡಿದಾಗ ಈ ಒಂದು ಅಕ್ಷರವನ್ನು ಹಿರಿಯರು ತಾವೇ ಒಮ್ಮೆ ನೋಡುವುದು ಲೇಸು.

ಸಂಕೇತ ಸರಿಯಿದ್ದರೂ ನಮ್ಮ ಆಚಾರದ ಎಲ್ಲ ಸೂಕ್ಷ್ಮಗಳು ಅಡುಗೆಮನೆಯವರಿಗೆ ತಿಳಿದಿರುವುದಿಲ್ಲ. ಅಷ್ಟ ಮೂಲಗುಣಗಳಲ್ಲಿ ಮಧುತ್ಯಾಗವಿದೆ. ಬೆಳಗಿನ ತಿಂಡಿಯ ಓಟ್ಸ್‌ನಲ್ಲಿ ಜೇನು ಬರಬಹುದು. ಹಣ್ಣಿನ ತಟ್ಟೆಯಲ್ಲಿ ಅಂಜೂರ ಇರಬಹುದು. ಬೇಳೆಯ ಪಲ್ಯದ ಪಕ್ಕದಲ್ಲೇ ಮೊಸರಿನ ಡಬ್ಬಿ ಇಟ್ಟಿರುತ್ತಾರೆ. ದ್ವಿದಳ ಬಿಟ್ಟವರು ಎರಡರಲ್ಲಿ ಒಂದನ್ನು ಮುಟ್ಟದೆ ಬದಿಗಿಡಬೇಕು. ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವ ಪದ್ಧತಿ ಯುರೋಪಿನಲ್ಲಿದೆ. ಇಟಲಿಯ ಪಾರ್ಮೆಜಾನ್ ಚೀಸನ್ನು ಕಟ್ಟಳೆಯ ಪ್ರಕಾರ ಹಾಗೆಯೇ ಮಾಡಬೇಕು. ಜೆಲ್ಲಿ, ಕೆಲವು ಮೊಸರು, ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ ಇ-441 ಎಂದರೆ ಜೆಲಟಿನ್, ಇ-120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಇವೆರಡನ್ನು ಬಾಯಿಪಾಠ ಮಾಡಿಕೊಂಡರೆ ನಡುವಿನ ನಿಲ್ದಾಣದ ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಸಂಕೇತ ಹೇಳದಿರುವುದು: ಹೊತ್ತು

ನಮ್ಮಲ್ಲಿ ಏನು ತಿನ್ನಬೇಕು ಎಂಬಷ್ಟೇ ಯಾವಾಗ ತಿನ್ನಬೇಕು ಎಂಬುದೂ ಮುಖ್ಯ. ಸೂರ್ಯೋದಯದ ನಂತರ ಒಂದು ಮುಹೂರ್ತ, ಅಂದರೆ 48 ನಿಮಿಷ ಕಳೆದ ಮೇಲೆ ಆರಂಭಿಸಿ, ಸೂರ್ಯಾಸ್ತಕ್ಕೆ ಅಷ್ಟೇ ಹೊತ್ತು ಮೊದಲು ಮುಗಿಸುವುದು ಕಟ್ಟುನಿಟ್ಟಿನ ಪದ್ಧತಿ. ಯಾವ ಸಂಕೇತವೂ ಇದನ್ನು ಅಡುಗೆಮನೆಗೆ ಹೇಳುವುದಿಲ್ಲ. ಊಟದ ಗಾಡಿ ವಿಮಾನದ ವೇಳಾಪಟ್ಟಿಯಂತೆ ಬರುತ್ತದೆ.

ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಬೆಳಗಿನ ಜಾವ ಮೂರಕ್ಕೆ ಫ್ರಾಂಕ್‌ಫರ್ಟ್‌ಗೆ ಹೊರಟರೆ ಮೊದಲ ಊಟ ಬರುವುದು ಕತ್ತಲಲ್ಲೇ. ಎರಡನೆಯದು ಇಳಿಯುವುದಕ್ಕೆ ಸುಮಾರು ಎರಡು ಗಂಟೆ ಮೊದಲು. ಬೇಸಿಗೆಯಲ್ಲಿ ಆ ಹೊತ್ತಿಗೆ ಬೆಳಕು ಹರಿದಿರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂಕಾಲರ ಸುಮಾರಿಗೆ. ಆದ್ದರಿಂದ ಎರಡನೆಯ ಊಟವೂ ರಾತ್ರಿಯ ಲೆಕ್ಕಕ್ಕೇ ಬೀಳುತ್ತದೆ. ಜೈನ ಊಟ ಎರಡು ಬಾರಿ ಬಂದರೂ ನಿಯಮ ಪಾಲಿಸುವವರು ಉಪವಾಸವೇ ಇಳಿಯುತ್ತಾರೆ.

ಅದೇ ಬೆಳಿಗ್ಗೆ ಏಳರ ಸುಮಾರಿಗೆ ಬೆಂಗಳೂರು ಬಿಟ್ಟು ನೇರವಾಗಿ ಲಂಡನ್‌ಗೆ ಹೋದರೆ ಲೆಕ್ಕ ತಿರುಗುತ್ತದೆ. ಪಶ್ಚಿಮಕ್ಕೆ ಹಾರುವ ವಿಮಾನ ಸೂರ್ಯನ ಜೊತೆಯಲ್ಲೇ ಸಾಗುವುದರಿಂದ ಹಗಲು ಉದ್ದವಾಗುತ್ತದೆ. ಹನ್ನೊಂದು ಗಂಟೆ ಹಾರಿದರೂ ಬೇಸಿಗೆಯಲ್ಲಿ ಅಲ್ಲಿ ಇಳಿಯುವುದು ಮಧ್ಯಾಹ್ನ ಒಂದೂವರೆಗೆ. ಎರಡೂ ಊಟ ಹಗಲಲ್ಲೇ ಆಗುತ್ತವೆ. ಮರಳುವಾಗ ಪೂರ್ವಕ್ಕೆ ಬರುವುದರಿಂದ ಹಗಲು ಬೇಗ ಮುಗಿಯುತ್ತದೆ. ಮಧ್ಯಾಹ್ನ ಹೊರಟರೆ ಮೊದಲ ಊಟ ಮಾತ್ರ ಸಿಗುತ್ತದೆ. ಹಿರಿಯರಿಗೆ ಟಿಕೆಟ್ ಮಾಡುವ ಮಕ್ಕಳು ಬೆಲೆಯ ಜೊತೆ ಹೊರಡುವ ಗಂಟೆಯನ್ನೂ ನೋಡಬೇಕು. ಗಲ್ಫ್ ನಗರಗಳ ಮೂಲಕ ಹೋಗುವವರಿಗೆ ಬೆಳಗಿನ ವಿಮಾನಗಳೂ ಸಿಗುತ್ತವೆ. ನಾಲ್ಕೈದು ಸಾವಿರ ರೂಪಾಯಿ ಹೆಚ್ಚಾದರೂ ಅಮ್ಮನಿಗೆ ಹಗಲಲ್ಲಿ ಊಟ ಸಿಗುತ್ತದೆ.

ಆಕಾಶದಲ್ಲಿ ಸೂರ್ಯಾಸ್ತ ಯಾವುದು ಎಂಬ ಪ್ರಶ್ನೆಯೂ ಇದೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಕುಳಿತವರಿಗೆ ಕೆಳಗಿನ ನೆಲಕ್ಕಿಂತ ಸುಮಾರು ಕಾಲು ಗಂಟೆ ತಡವಾಗಿ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ಉತ್ತರ ಧ್ರುವದ ಹತ್ತಿರದಿಂದ ಅಮೆರಿಕಕ್ಕೆ ಹಾರುವಾಗ ಸೂರ್ಯ ಮುಳುಗುವುದೇ ಇಲ್ಲ. ಕೆಲವು ಮನೆಯವರು ಕಿಟಕಿಯಲ್ಲಿ ಕಂಡ ಸೂರ್ಯನನ್ನು ನಂಬುತ್ತಾರೆ, ಕೆಲವರು ಹೊರಟ ಊರಿನ ಗಡಿಯಾರವನ್ನು. ಪ್ರಯಾಣದಲ್ಲಿ ಒಂದೇ ಹೊತ್ತು ಎಂದು ಮೊದಲೇ ನಿಯಮ ತೆಗೆದುಕೊಳ್ಳುವವರೂ ಇದ್ದಾರೆ. ಹೊರಡುವ ಮುನ್ನ ತಮ್ಮ ಗುರುಗಳನ್ನೋ ಮಠದ ಸ್ವಾಮೀಜಿಯವರನ್ನೋ ಕೇಳಿ ಒಂದು ತೀರ್ಮಾನಕ್ಕೆ ಬಂದರೆ, ಊಟದ ಗಾಡಿ ಎದುರಿಗೆ ನಿಂತಾಗ ಮನಸ್ಸು ಗೊಂದಲಕ್ಕೆ ಬೀಳುವುದಿಲ್ಲ.

ವಿಮಾನ ಬದಲಾದರೆ

ಈಚಿನ ಘಟನೆಗಳು ಇನ್ನೊಂದು ಪಾಠ ಕಲಿಸಿವೆ. 2024ರ ಏಪ್ರಿಲ್ 16ರ ಮಳೆಗೆ ದುಬೈ ನಿಲ್ದಾಣ ಜಲಾವೃತವಾಗಿ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. 2025ರ ಮಾರ್ಚ್ 21ರಂದು ವಿದ್ಯುತ್ ಉಪಕೇಂದ್ರದ ಬೆಂಕಿಯಿಂದ ಲಂಡನ್‌ನ ಹೀಥ್ರೂ ದಿನವಿಡೀ ಮುಚ್ಚಿತು. ಅದೇ ಏಪ್ರಿಲ್ ಆರಂಭದಲ್ಲಿ ಲಂಡನ್‌ನಿಂದ ಮುಂಬೈಗೆ ಬರುತ್ತಿದ್ದ ವಿಮಾನವೊಂದು ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಸುಮಾರು ನಲವತ್ತು ಗಂಟೆ ಸಿಕ್ಕಿಬಿದ್ದರು. ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಂಧನಕ್ಕಾಗಿ ನಿಂತು ಹೋಗಬೇಕಾಯಿತು. ಜೂನ್ 23ರ ರಾತ್ರಿ ಕತಾರ್ ವಾಯುಪ್ರದೇಶ ಮುಚ್ಚಿದಾಗ ದೋಹಾ ಮೂಲಕ ಹೋಗುತ್ತಿದ್ದ ಸಾವಿರಾರು ಮಂದಿ ನಡುದಾರಿಯಲ್ಲಿ ಉಳಿದರು.

ವಿಶೇಷ ಊಟದ ಕೋರಿಕೆ ಸೇರುವುದು ಒಂದು ನಿರ್ದಿಷ್ಟ ವಿಮಾನಕ್ಕೆ. ಸಾಮಾನ್ಯವಾಗಿ 24 ಗಂಟೆ ಮೊದಲು, ಕೆಲವು ಸಂಸ್ಥೆಗಳಲ್ಲಿ 48 ಗಂಟೆ ಮೊದಲು ತಿಳಿಸಿರಬೇಕು. ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾದರೆ ಹೊಸ ವಿಮಾನದ ಅಡುಗೆಮನೆಗೆ ಆ ಸುದ್ದಿ ತಲುಪಿರುವುದಿಲ್ಲ. ಒಂದು ಸಂಸ್ಥೆಯಲ್ಲಿ ಕೊಂಡ ಟಿಕೆಟ್‌ನಲ್ಲಿ ಇನ್ನೊಂದು ಸಂಸ್ಥೆಯ ವಿಮಾನ ಹತ್ತುವಾಗ, ಏನೂ ಬದಲಾಗದಿದ್ದರೂ ಕೋರಿಕೆ ನಡುವೆ ಕಳೆದುಹೋಗುವುದುಂಟು. ಆದ್ದರಿಂದ ಟಿಕೆಟ್ ಆದ ಮೇಲೆ ಒಮ್ಮೆ, ಹೊರಡುವ ಮೂರು ದಿನ ಮೊದಲು ಇನ್ನೊಮ್ಮೆ, ವಿಮಾನವನ್ನು ನಿಜವಾಗಿ ಹಾರಿಸುವ ಸಂಸ್ಥೆಯ ತಾಣದಲ್ಲೇ ಪ್ರತಿ ಹಂತದ ಊಟವನ್ನೂ ನೋಡಿಕೊಳ್ಳಿ. ಹತ್ತಿದ ಕೂಡಲೇ ಸಿಬ್ಬಂದಿಗೆ ಆಸನದ ಸಂಖ್ಯೆ ಹೇಳಿ ಖಚಿತಪಡಿಸಿಕೊಳ್ಳಿ. ಆಸನ ಅದಲುಬದಲು ಮಾಡಿಕೊಂಡರೆ ಊಟ ಹಳೆಯ ಆಸನಕ್ಕೇ ಹೋಗುತ್ತದೆ ಎಂಬುದು ನೆನಪಿರಲಿ.

ತಡವಾದಾಗ ಪ್ರಯಾಣಿಕರಿಗೆ ಊಟ ಕೊಡಬೇಕೆಂದು ನಿಯಮಗಳಿವೆ. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿ, ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕಟ್ಟಳೆ ಎರಡೂ ಇದನ್ನು ಹೇಳುತ್ತವೆ. ಆದರೆ ಆ ಊಟ ಪ್ರಯಾಣಿಕರ ಆಚಾರಕ್ಕೆ ಹೊಂದಬೇಕೆಂದು ಐರೋಪ್ಯ ನಿಯಮಾವಳಿ ಎಲ್ಲೂ ಹೇಳುವುದಿಲ್ಲ. ಕೈಗೆ ಕೊಡುವ ಸ್ಯಾಂಡ್‌ವಿಚ್ ನಮ್ಮದಾಗಿರುವ ಭರವಸೆ ಇಲ್ಲ. ಆ ಹೊತ್ತಿಗೆ ಕಾಯುವುದು ಮನೆಯಿಂದ ತಂದ ಬುತ್ತಿ ಮಾತ್ರ.

ಕೈಚೀಲದ ಬುತ್ತಿ

ಕನಿಷ್ಠ ಒಂದು ದಿನಕ್ಕೆ ಸಾಲುವಷ್ಟು ಒಣ ತಿನಿಸು ಕೈಚೀಲದಲ್ಲೇ ಇರಬೇಕು. ಉತ್ತರ ಕರ್ನಾಟಕದವರಿಗೆ ಕಟಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಗುರೆಳ್ಳು ಚಟ್ನಿಪುಡಿಗಿಂತ ಒಳ್ಳೆಯದು ಬೇರೆ ಬೇಕಿಲ್ಲ. ಖಾಕ್ರಾ, ತೆಂಗೊಳಲು, ಹುರಿಗಡಲೆ, ಗೋಡಂಬಿ, ಒಣದ್ರಾಕ್ಷಿ, ಖರ್ಜೂರ ಹಗುರವಾದವು. ಒಗ್ಗರಣೆ ಹಾಕಿ ಹುರಿದ ತೆಳು ಅವಲಕ್ಕಿಯನ್ನು ಡಬ್ಬಿಯಲ್ಲಿ ಒಯ್ದರೆ ವಿಮಾನದಲ್ಲಿ ಬಿಸಿನೀರು ಕೇಳಿ ಹಾಕಿಕೊಂಡರೆ ಸಾಕು. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನ ಎಂದು ಪಾಲಿಸುವವರು ಒಣಹಣ್ಣು, ಬೀಜಗಳನ್ನೇ ಹೆಚ್ಚು ಇಟ್ಟುಕೊಳ್ಳುವುದು ಸುಲಭ.

ಗಟ್ಟಿ ತಿನಿಸಿಗೆ ಭದ್ರತಾ ತಪಾಸಣೆಯಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ತುಪ್ಪ, ಉಪ್ಪಿನಕಾಯಿ, ಮೊಸರು ದ್ರವದ ಲೆಕ್ಕ. ಅಂತರರಾಷ್ಟ್ರೀಯ ಪ್ರಯಾಣದ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಡಬ್ಬಿ ಹಿಡಿಯುತ್ತಾರೆ. ಅಮೆರಿಕಕ್ಕೆ ಹೋಗುವಾಗ 350 ಮಿಲಿಲೀಟರ್‌ಗಿಂತ ಹೆಚ್ಚು ಅಳತೆಯ ಪುಡಿಯನ್ನು ಬಿಚ್ಚಿಸಿ ನೋಡಬಹುದು, ಆದ್ದರಿಂದ ಚಟ್ನಿಪುಡಿಯ ಪೊಟ್ಟಣ ಚಿಕ್ಕದಿರಲಿ. ಒಣ ಕೊಬ್ಬರಿಯ ಗಿಟುಕು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿದೆ. ದೊಡ್ಡ ಚೀಲದಲ್ಲೂ ಬಿಡುವುದಿಲ್ಲ. ಗಸಗಸೆಯಂತೂ ದೊಡ್ಡ ಅಪಾಯ. ಯುಎಇಯಲ್ಲಿ ಅದು ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರಿದೆ, ಸಿಂಗಪುರದಲ್ಲೂ ನಿಷೇಧವಿದೆ. ಬಾಣಂತಿಗೆಂದು ಮನೆಯಲ್ಲಿ ಮಾಡಿದ ಪುಡಿ, ಉಂಡೆಗಳಲ್ಲಿ ಗಸಗಸೆ ಬಿದ್ದಿದೆಯೇ ಎಂದು ಅಜ್ಜಿಯರನ್ನು ಕೇಳಿಯೇ ಚೀಲ ಕಟ್ಟಿ.

ಇಳಿಯುವಾಗಿನ ನಿಯಮ ಬೇರೆ. ಪೇಡ, ತುಪ್ಪ, ಪನೀರ್‌ನಂಥ ಹಾಲಿನ ಪದಾರ್ಥಗಳನ್ನು ಭಾರತದಿಂದ ಐರೋಪ್ಯ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ, ವಿಮಾನದಲ್ಲೇ ಮುಗಿಸಬೇಕು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಚೀಲದಲ್ಲಿ ಯಾವ ತಿನಿಸು ಉಳಿದಿದ್ದರೂ ನಮೂನೆಯಲ್ಲಿ ‘ಹೌದು’ ಎಂದೇ ಬರೆಯಿರಿ. ವಿಮಾನದಲ್ಲಿ ಕೊಟ್ಟ ಸೇಬನ್ನು ಮರೆತು ಚೀಲದಲ್ಲಿಟ್ಟುಕೊಂಡರೂ ದಂಡ ಬೀಳಬಹುದು. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ.

ನಡುವಿನ ನಿಲ್ದಾಣದಲ್ಲಿ

ದುಬೈ, ದೋಹಾ, ಸಿಂಗಪುರದಂಥ ನಿಲ್ದಾಣಗಳಲ್ಲಿ ಭಾರತೀಯ ಊಟ ಸಿಗುತ್ತದೆ. ಆದರೆ ಪಲ್ಯ, ಸಾರುಗಳ ಮಸಾಲೆ ಈರುಳ್ಳಿ ಬೆಳ್ಳುಳ್ಳಿ ಹಾಕಿ ಮೊದಲೇ ತಯಾರಾಗಿರುತ್ತದೆ. ‘ಬೇಡ’ ಎಂದರೆ ಮೇಲೆ ಉದುರಿಸುವುದನ್ನು ಬಿಡುತ್ತಾರೆ ಅಷ್ಟೆ. ಬಿಳಿ ಅನ್ನ, ಬಿಸಿನೀರು, ಬಾಳೆಹಣ್ಣು, ಸೇಬು, ಉಪ್ಪು ಹಾಕಿದ ಬೀಜಗಳು ನಂಬಿಕೆಗೆ ಯೋಗ್ಯ. ಅನ್ನಕ್ಕೆ ಚೀಲದ ಚಟ್ನಿಪುಡಿ ಸೇರಿದರೆ ಊಟವಾಯಿತು.

ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಗಡಿಯಾರ ಹಿಂದೆ ಮುಂದೆ ಆಗುವಾಗ ಮಾತ್ರೆ, ಇನ್ಸುಲಿನ್ ಹೇಗೆ ಎಂದು ವೈದ್ಯರಿಂದ ಬರೆಸಿಕೊಳ್ಳಲೇಬೇಕು. ಊಟ ತಪ್ಪಿದರೆ ಮಾತ್ರೆ ನುಂಗಬೇಕೇ ಬಿಡಬೇಕೇ ಎಂದೂ ಕೇಳಿಟ್ಟುಕೊಳ್ಳಿ. ವಿಮಾನದೊಳಗಿನ ಗಾಳಿ ತುಂಬ ಒಣಗಿರುವುದರಿಂದ ನೀರು ಬಿಡುವ ನಿಯಮ ಇರುವವರು ಹಗಲಲ್ಲೇ ಸಾಕಷ್ಟು ಕುಡಿದಿರಬೇಕು. ದಶಲಕ್ಷಣದ ದಿನಗಳಲ್ಲಿ ಪ್ರಯಾಣ ಬೀಳುವುದಾದರೆ, ಉಪವಾಸ ಇರುವ ಹಿರಿಯರು ದಿನ ಬದಲಿಸುವುದೇ ಮೇಲು.

ಸಮಾಜ ಮಾಡಬಹುದಾದದ್ದು

ಇದು ಒಂದೊಂದು ಮನೆಯವರೇ ನಿಭಾಯಿಸಿಕೊಳ್ಳುವ ವಿಷಯವೆಂದು ಬಿಡಬೇಕಿಲ್ಲ. ವಿಮಾನ ಸಂಸ್ಥೆಗಳು ಊಟದ ಪಟ್ಟಿಯನ್ನು ಬೇಡಿಕೆ ನೋಡಿ ಇಡುತ್ತವೆ. 2018ರಲ್ಲಿ ಎಮಿರೇಟ್ಸ್ ‘ಹಿಂದೂ ಊಟ’ ನಿಲ್ಲಿಸುವುದಾಗಿ ಹೇಳಿ, ಪ್ರಯಾಣಿಕರ ಆಕ್ಷೇಪದ ನಂತರ ಬಹುಬೇಗ ನಿರ್ಧಾರ ಬದಲಿಸಿತು. ಕೋರಿಕೆ ತಪ್ಪಿದಾಗ ‘ಹೋಗಲಿ ಬಿಡು’ ಎನ್ನದೆ, ವಿಮಾನದ ಸಂಖ್ಯೆ ಮತ್ತು ದಿನ ಬರೆದು ಸಂಸ್ಥೆಗೆ ದೂರು ಕಳುಹಿಸಬೇಕು. ಜೇನು, ಅಂಜೂರ, ರೆನೆಟ್ ವಿಷಯವನ್ನು ನಮ್ಮ ಸಂಘಗಳು ಒಂದೇ ದನಿಯಲ್ಲಿ ತಿಳಿಸಬೇಕು. ಊರಿನ ಬಸದಿಯ ಯುವಕರು ಮೊದಲ ಬಾರಿ ಹೊರಡುವ ಹಿರಿಯರ ಟಿಕೆಟ್ ನೋಡಿ ಊಟದ ಸಂಕೇತ, ಹೊತ್ತು ಎರಡನ್ನೂ ಸರಿಪಡಿಸಿಕೊಟ್ಟರೆ ಅದೂ ಒಂದು ಸೇವೆ.

ಚಿಕ್ಕಮ್ಮ ಆರು ತಿಂಗಳ ನಂತರ ಮರಳಿದರು. ಈ ಬಾರಿ ಮಗಳು ಹಗಲಿನ ಹೊತ್ತು ಲೆಕ್ಕ ಹಾಕಿ ಟಿಕೆಟ್ ಮಾಡಿದ್ದಳು. ಕೈಚೀಲದಲ್ಲಿ ಎರಡು ಡಬ್ಬಿ ಖಾಕ್ರಾ, ಒಂದು ಡಬ್ಬಿ ಅವಲಕ್ಕಿ, ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು: ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ, ಯಾವ ಹೊತ್ತಿನಲ್ಲಿ ತಿನ್ನುವುದಿಲ್ಲ, ನನಗೆ ಸಕ್ಕರೆ ಕಾಯಿಲೆ ಇದೆ. ಆ ಚೀಟಿಯನ್ನು ಸಿಬ್ಬಂದಿಯ ಕೈಗಿತ್ತು ಆರಾಮವಾಗಿ ಕುಳಿತರಂತೆ. ಬೆಂಗಳೂರಿನಲ್ಲಿ ಇಳಿದಾಗ ಗಾಲಿಕುರ್ಚಿ ಬೇಕಾಗಲಿಲ್ಲ.