ಮಾದಪ್ಪ, ನಿಂಬೆಹಣ್ಣು ಮತ್ತು ನನ್ನ ಭಯ

ನಮ್ಮೂರು ಚಂದಕವಾಡಿ. ಚಾಮರಾಜನಗರದ ಹತ್ತಿರ ಅಂದರೆ ಸಾಕು, ಕಾಲೇಜಿನಲ್ಲಿ ಗೆಳೆಯರು "ಓ, ಮುಖ್ಯಮಂತ್ರಿಗಳು ಕಾಲಿಡದ ಊರು!" ಅಂತ ನಗುತ್ತಿದ್ದರು. ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನೋ ಭಯ. 1997ರಲ್ಲಿ ಹೊಸ ಜಿಲ್ಲೆಯನ್ನ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಪಟ್ಟಣದಲ್ಲಲ್ಲ, ದೂರದ ಮಲೆಮಹದೇಶ್ವರ ಬೆಟ್ಟದಲ್ಲಿ! 2007ರಲ್ಲಿ ಕುಮಾರಸ್ವಾಮಿ ಬಂದರು, ಅದೇ ವರ್ಷ ಅಧಿಕಾರ ಹೋಯ್ತು. ಮುರಿದದ್ದು ಮೈತ್ರಿ, ಕೆಟ್ಟ ಹೆಸರು ನಮ್ಮೂರಿಗೆ. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದ ಮೇಲೆ ಆ ಮಾತು ಸ್ವಲ್ಪ ತಣ್ಣಗಾಯ್ತು.

ಇದನ್ನೆಲ್ಲ ನೋಡಿ ನಾನೂ ನಕ್ಕವನೇ. ನಾವು ಕ್ರೈಸ್ತರು, ನಮಗೆ ಇಂಥದ್ದೆಲ್ಲ ಇಲ್ಲ ಅನ್ನೋ ಜಂಬ ಬೇರೆ. ಆಮೇಲೆ ಅಪ್ಪ ಒಂದು ಹಳೇ ಟೆಂಪೋ ತಂದ. ಫಾದರ್ ಬಂದು ಪವಿತ್ರ ಜಲ ಚಿಮುಕಿಸಿ ಆಶೀರ್ವಾದ ಮಾಡಿ ಹೋದರು. ಅವರು ಅತ್ತ ಹೋಗುತ್ತಿದ್ದಂತೆ ಅಪ್ಪ ಇತ್ತ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟ. ಕೇಳಿದರೆ, "ಯಾವ್ದುಕ್ಕೂ ಇರ್ಲಿ ಬುಡು".

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರೋದು ಮಾಟ, ಶಾಪ, ದೃಷ್ಟಿ ಅಂತ ಮೊದಲು ಚೆನ್ನಾಗಿ ಹೆದರಿಸಿ ಆಮೇಲೆ ಯೇಸುವಿನ ಹೆಸರಲ್ಲಿ ಎಣ್ಣೆ ಬಾಟಲಿ ಕೊಡುವವರ ಮೇಲೆ. ನಿಂಬೆಹಣ್ಣಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ? ನಿಂಬೆಹಣ್ಣು ಅಗ್ಗ, ಅಷ್ಟೆ.

ಇನ್ನು ನನ್ನ ಸಂಗತಿ. ಮೈಸೂರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ನನ್ನ ಹೆಸರು ಯಾರಿಗೆ ಬೇಕಾದರೂ ಇರಬಹುದಾದಂಥದ್ದು. ಮನೆ ಮಾಲೀಕರು ಕಾಫಿ ಕೊಟ್ಟು, "ಮನೆದೇವ್ರು ಯಾವುದು?" ಅಂದರು. "ಮಾದಪ್ಪ" ಅಂದುಬಿಟ್ಟೆ! ಯೇಸುಸ್ವಾಮಿ ಫೋಟೋ ತಿಂಗಳುಗಟ್ಟಲೆ ಸೂಟ್‌ಕೇಸಿನಲ್ಲೇ ಉಳೀತು. ಭಯಕ್ಕೆ ಕಾರಣ ಇರಲಿಲ್ಲ ಅಂತೇನಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆದದ್ದು ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. ಆದರೆ ಆವತ್ತು ನನ್ನೆದುರು ಇದ್ದದ್ದು ದೊಣ್ಣೆ ಅಲ್ಲ, ಕಾಫಿ ಲೋಟ.

ಪೇತ್ರನ ಕತೆ ನೆನಪಾಗುತ್ತೆ. ಕತ್ತಿ ಹಿರಿದು ನಿಂತವನು, ಅದೇ ರಾತ್ರಿ ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ ಯೇಸು ಗೊತ್ತೇ ಇಲ್ಲ ಅಂದ. ಕೊನೆಗೆ ಅವನನ್ನ ಹಿಡಿದುಕೊಟ್ಟದ್ದು ಅವನ ಗಲಿಲೇಯದ ಮಾತಿನ ಧಾಟಿ. ನಾವು "ಓಯ್ತೀನಿ" ಅಂದ ಕೂಡಲೇ ಮೈಸೂರಿನವರಿಗೆ ಊರು ಗೊತ್ತಾಗಲ್ವಾ, ಹಾಗೆ!

2021ರ ಮೇನಲ್ಲಿ ಊರಲ್ಲೇ ಇದ್ದೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ 24 ಜನ ಸತ್ತ ವಾರ ಅದು. ಕೆಮ್ಮು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯವರೆಲ್ಲ ಮಲಗಿಬಿಟ್ಟಿದ್ದರು. ಅವ್ವ ದಿನಾ ಎರಡು ಹೊತ್ತು ಅವರ ಜಗಲಿ ಮೇಲೆ ಗಂಜಿ ಪಾತ್ರೆ ಇಟ್ಟು, ಕೂಗಿ ಹೇಳಿ ಬರೋಳು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದವನು ನಾನು. ಎಷ್ಟೋ ದಿನದ ಮೇಲೆ ಕೇಳಿದೆ, ಭಯ ಆಗ್ಲಿಲ್ವೇನವ್ವಾ ಅಂತ.

"ಆಗ್ದೆ ಇದ್ದುದಾ ಮಗ? ಕೈ ನಡುಗಿ ಒಂದಿನ ಅರ್ಧ ಗಂಜಿ ನೆಲಕ್ಕೇ ಓಯ್ತು."

ಭಯ ಹೋದ ಮೇಲೆ ವಿಶ್ವಾಸ ಬರುತ್ತೆ ಅಂತ ನಾನು ಕಾಯುತ್ತಾ ಕೂತಿದ್ದೆ. ಅವ್ವ ಕಾಯಲಿಲ್ಲ. ನಮ್ಮ ಭಾಷೆಯಲ್ಲೇ ಭಯಭಕ್ತಿ ಅಂತ ಎರಡನ್ನೂ ಒಟ್ಟಿಗೆ ಕಟ್ಟಿದ್ದಾರೆ, ನನಗೇ ಹೊಳೆದಿರಲಿಲ್ಲ.

ಮೈಸೂರಿಗೆ ವಾಪಸ್ ಹೋಗಿ ಫೋಟೋ ತೆಗೆದು ಎದುರು ಗೋಡೆಗೇ ಹಾಕಿದೆ. ಒಂದನೇ ತಾರೀಖು ಮಾಲೀಕರು ಬಂದರು. ನನಗೆ ಬೆವರು. ಫೋಟೋ ನೋಡಿದರು, ನನ್ನ ಮುಖ ನೋಡಿದರು, ದುಡ್ಡು ಎಣಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ರಾತ್ರಿ ಮೋಟಾರ್ ಆಫ್ ಮಾಡೋದು ಮರೀಬೇಡಿ, ಟ್ಯಾಂಕ್ ತುಂಬಿ ಹರೀತಿದೆ" ಅಂದರು.