ಮಟ್ಟು ಕಟ್ಟಿದವರ ಹೆಸರೆಲ್ಲಿ?

ನಮ್ಮ ಕನ್ನಡ ಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಯಾವುದನ್ನಾದರೂ ಕೈಗೆತ್ತಿಕೊಂಡು ನೋಡಿರಿ. ಅಧ್ಯಕ್ಷರ ಹೆಸರಿದೆ, ಉದ್ಘಾಟಕರ ಹೆಸರಿದೆ, ಬಹುಮಾನ ಹಂಚುವವರ ಹೆಸರು ಬಿರುದಾವಳಿಗಳೊಡನೆ ಮೂರು ಸಾಲು ಹಿಡಿದಿದೆ. ಕೊನೆಯ ವಂದನಾರ್ಪಣೆಯಲ್ಲಿ ಚಪ್ಪರ ಹಾಕಿದವರಿಗೂ ಧ್ವನಿವರ್ಧಕ ಒದಗಿಸಿದವರಿಗೂ ಕೃತಜ್ಞತೆ ಸಲ್ಲುತ್ತದೆ. ಅದು ಸಲ್ಲತಕ್ಕದ್ದೇ. ಆದರೆ ಅಂದು ಮಕ್ಕಳು ಹಾಡುವ ಹತ್ತು ಹಾಡುಗಳ ಎದುರಿನಲ್ಲಿ ಏನಿರುತ್ತದೆ? “ಸಮೂಹಗಾನ: ಐದನೆಯ ತರಗತಿಯವರಿಂದ”, “ಭಾವಗೀತೆ: ಏಳನೆಯ ತರಗತಿಯ ವಿದ್ಯಾರ್ಥಿನಿಯರಿಂದ” ಎಂದಿಷ್ಟೇ. ಹಾಡನ್ನು ಬರೆದವರಾರು, ಅದಕ್ಕೆ ಮಟ್ಟು ಕಟ್ಟಿದವರಾರು ಎಂಬುದಕ್ಕೆ ಅಲ್ಲಿ ಅಂಗುಲದಷ್ಟೂ ಸ್ಥಳವಿಲ್ಲ. ಚಪ್ಪರದ ಕಂಬ ನೆಟ್ಟವರಿಗೆ ದೊರೆಯುವ ಮರ್ಯಾದೆ ಹಾಡನ್ನು ಕಟ್ಟಿದವರಿಗೆ ದೊರೆಯುವುದಿಲ್ಲ.

ಇದೊಂದು ಕ್ಷುಲ್ಲಕ ವಿಷಯವೆನ್ನುವವರುಂಟು. ಕ್ಷುಲ್ಲಕವಲ್ಲ ಎಂಬುದೇ ನನ್ನ ವಾದ.

ಹಾಡೆಂಬುದು ಇಬ್ಬರ ಸೃಷ್ಟಿ. ಮಾತು ಒಬ್ಬರದು, ಆ ಮಾತನ್ನು ಕಂಠದಿಂದ ಕಂಠಕ್ಕೆ ದಾಟಿಸುವ ನಾದದ ಒಡಲು ಇನ್ನೊಬ್ಬರದು. ಇದನ್ನು ಯಕ್ಷಗಾನದವರು ಮಟ್ಟು ಎನ್ನುತ್ತಾರೆ, ಸುಗಮ ಸಂಗೀತದವರು ರಾಗಸಂಯೋಜನೆ ಎನ್ನುತ್ತಾರೆ. ಎಲ್ಲೋ ಕೆಲವೊಮ್ಮೆ ಈ ಎರಡೂ ಶಕ್ತಿಗಳು ಒಬ್ಬರಲ್ಲಿಯೇ ಸೇರಿರುವುದುಂಟು, ಹೆಚ್ಚಾಗಿ ಸೇರಿರುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಕೂಡ ಸಾಹಿತ್ಯಕೃತಿಯನ್ನೂ ಸಂಗೀತಕೃತಿಯನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಕಾನೂನು ಗುರುತಿಸಿದ ವ್ಯತ್ಯಾಸವನ್ನು ಪಾಠಶಾಲೆ ಗುರುತಿಸದಿದ್ದರೆ ಹೇಗೆ?

‘ಸಾರೇ ಜಹಾಂ ಸೇ ಅಚ್ಛಾ’ ಹಾಡದ ಶಾಲೆಯಿಲ್ಲ. ಇಕ್ಬಾಲರು 1904ರಲ್ಲಿ ಅದನ್ನು ಬರೆದರೆಂದು ತಿಳಿದ ಅಧ್ಯಾಪಕರು ಅನೇಕರಿದ್ದಾರೆ. ಆದರೆ ಇಂದು ನಮ್ಮ ಮಕ್ಕಳು ಹೆಜ್ಜೆ ಹಾಕುತ್ತ ಹಾಡುವ ಆ ಧಾಟಿ ಇಕ್ಬಾಲರದಲ್ಲ. ಅದನ್ನು 1945ರಲ್ಲಿ ಮುಂಬಯಿಯಲ್ಲಿ ಕೂಡಿಸಿದವರು ಪಂಡಿತ ರವಿಶಂಕರರು. ಹುಡುಗನ ಬಾಯಲ್ಲಿ ಆ ಪದ್ಯ ನಿಂತಿರುವುದು ಧಾಟಿಯ ಬಲದಿಂದ. ಉರ್ದು ಬಾರದ ಕಾಸರಗೋಡಿನ ಹುಡುಗ ಉರ್ದು ಪದ್ಯವೊಂದನ್ನು ತಪ್ಪಿಲ್ಲದೆ ಹಾಡುವುದು ಅರ್ಥ ತಿಳಿದು ಅಲ್ಲ, ಮಟ್ಟು ಅವನನ್ನು ಕೈಹಿಡಿದು ನಡೆಸುವುದರಿಂದ.

ಕನ್ನಡದ ಮಾತಿಗೆ ಬರೋಣ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ಮಾತು ನಿಶ್ಚಯವಾಯಿತು, ಮಟ್ಟು ನಿಶ್ಚಯವಾಗಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯೇ, ಸಿ. ಅಶ್ವಥ್ ಅವರ ಧಾಟಿಯೇ ಎಂಬ ಚರ್ಚೆ ಹದಿನೆಂಟು ವರ್ಷ ನಡೆಯಿತು. ಅನಂತಸ್ವಾಮಿಯವರು 1995ರಲ್ಲಿಯೇ ತೀರಿಕೊಂಡಿದ್ದರು. ಅಶ್ವಥ್ ಅವರು 2009ರಲ್ಲಿ ಅಗಲಿದರು. 2022ರಲ್ಲಿ ಸರಕಾರವು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ಗೊತ್ತುಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿ ಉಚ್ಚ ನ್ಯಾಯಾಲಯದವರೆಗೂ ಹೋಗಿ 2024ರಲ್ಲಿ ವಜಾ ಆಯಿತು. “ಒಂದು ಧಾಟಿಗಾಗಿ ಇಷ್ಟು ಜಗಳವೇ?” ಎಂದು ನಕ್ಕವರಿದ್ದಾರೆ. ನಗುವಂಥದು ಇದರಲ್ಲೇನೂ ಇಲ್ಲ. ಮಟ್ಟು ಮಾತಿನ ಮೇಲೆ ಹೊದಿಸಿದ ಶಾಲಲ್ಲ, ಅದು ಸ್ವತಂತ್ರ ಕೃತಿ ಎಂಬುದನ್ನು ಆ ಜಗಳವೇ ಸಾರಿ ಹೇಳಿತು. ನಗಬೇಕಾದದ್ದು, ಅಥವಾ ಅಳಬೇಕಾದದ್ದು, ಬೇರೊಂದಿದೆ: ನಾಡಗೀತೆಯನ್ನು ಬಾಯಿಪಾಠವಾಗಿ ಹಾಡುವ ಮಗುವನ್ನು “ಮೈಸೂರು ಅನಂತಸ್ವಾಮಿ ಯಾರು?” ಎಂದು ಕೇಳಿದರೆ ಅದು ಅಧ್ಯಾಪಕರ ಮುಖ ನೋಡುತ್ತದೆ, ಅಧ್ಯಾಪಕರು ಗೋಡೆ ನೋಡುತ್ತಾರೆ.

“ಹಾಡು ಎಲ್ಲರ ಸೊತ್ತು, ಅದಕ್ಕೆ ಹೆಸರಿನ ಚೀಟಿ ಅಂಟಿಸುವುದು ಸಲ್ಲದು” ಎಂಬುದು ಮೊದಲನೆಯ ಆಕ್ಷೇಪ. ಕೇಳಲು ಉದಾರವಾಗಿದೆ, ಆದರೆ ನಮ್ಮ ಪರಂಪರೆಗೆ ವಿರುದ್ಧವಾಗಿದೆ. ವಚನಕಾರರು ಅಂಕಿತವಿಲ್ಲದೆ ವಚನ ಮುಗಿಸಲಿಲ್ಲ. ಪುರಂದರದಾಸರು ಪುರಂದರವಿಠಲನೆಂದೂ ಕನಕದಾಸರು ಕಾಗಿನೆಲೆಯ ಆದಿಕೇಶವನೆಂದೂ ಹಾಡಿನೊಳಗೆಯೇ ಗುರುತು ಕೆತ್ತಿಟ್ಟರು. ಅದು ಇಷ್ಟದೈವದ ಹೆಸರು, ದಾಸರ ಅಹಂಕಾರದ ಗುರುತಲ್ಲ. ಆದರೂ ಹಾಡು ಯಾರದೆಂದು ತಿಳಿಯಲು ಅದೇ ಸಾಕಾಯಿತು. ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿ ಬಂದರೂ ಆ ಪದಗಳು ಅನಾಥವಾಗಲಿಲ್ಲ.

ಆದರೆ ಆ ಪದಗಳ ಮೂಲ ಮಟ್ಟುಗಳ ಗತಿಯೇನಾಯಿತು? ಹೆಚ್ಚಿನವು ಕಳೆದುಹೋದವು. ಇಂದು ನಾವು ಕೇಳುವ ದಾಸರ ಪದಗಳಲ್ಲಿ ಬಹುಪಾಲಿಗೆ ಧಾಟಿ ಕೂಡಿಸಿದವರು ಮುಂದಿನ ಕಾಲದ ಸಂಗೀತಗಾರರು. ಮಾತಿಗೆ ಅಂಕಿತವಿತ್ತು, ಉಳಿಯಿತು. ಮಟ್ಟಿಗೆ ಸ್ವರಲಿಪಿಯ ಆಸರೆಯಿರಲಿಲ್ಲ, ಹೋಯಿತು. “ಎಲ್ಲರ ಸೊತ್ತು” ಎಂದು ಹೇಳಿ ಯಾರೂ ಕಾವಲಿರದ ಸೊತ್ತಿಗೆ ಆಗುವ ಗತಿ ಇದೇ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನ ಕೊಡುತ್ತೇನೆ. ರವೀಂದ್ರನಾಥ ಠಾಕೂರರ ‘ಜನಗಣಮನ’ ಮೊದಲು ಹಾಡಲ್ಪಟ್ಟದ್ದು 1911ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ. 1919ರಲ್ಲಿ ಕವಿಗಳು ಮದನಪಲ್ಲಿಯ ಕಾಲೇಜಿನಲ್ಲಿ ತಂಗಿದ್ದಾಗ, ಸಂಗೀತಜ್ಞೆಯಾದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಆ ಧಾಟಿಯನ್ನು ಸ್ವರಲಿಪಿಗೆ ಇಳಿಸಿದರು. ಒಬ್ಬ ಶಿಕ್ಷಕಿ, ಒಂದು ಕಾಗದ, ಕೆಲವು ಗಂಟೆಗಳ ಶ್ರದ್ಧೆ. ಅಂಥ ಶ್ರದ್ಧೆಗೆ ಸರಕಾರದ ಅನುದಾನ ಬೇಕಿಲ್ಲ.

ನಮ್ಮ ಮನೆಯಂಗಳದಲ್ಲಿಯೇ ಇದಕ್ಕಿಂತ ಹಳೆಯ ಮೇಲ್ಪಂಕ್ತಿಯಿದೆ. ಯಕ್ಷಗಾನ ಪ್ರಸಂಗದ ಯಾವ ಪುಸ್ತಕವನ್ನು ತೆರೆದರೂ ಪದದ ತಲೆಯ ಮೇಲೆ ರಾಗ ಇಂಥದು, ತಾಳ ಇಂಥದು ಎಂದು ನಮೂದಿಸಿರುತ್ತದೆ. ಭಾಗವತನಾದವನಿಗೆ ಅದು ಮೊದಲ ಪಾಠ. ರಾಮಾಯಣದ ಪ್ರಸಂಗಗಳ ಕರ್ತೃವೆಂದು ಹೆಸರಾದ ಪಾರ್ತಿಸುಬ್ಬ ನಮ್ಮ ಕುಂಬಳೆ ಸೀಮೆಯವನು. ಆತನ ಕುರಿತು ಮುಳಿಯ ತಿಮ್ಮಪ್ಪಯ್ಯನವರು ಗ್ರಂಥವನ್ನೇ ಬರೆದರು. ಶಿವರಾಮ ಕಾರಂತರು ಅವರೊಡನೆ ಭಿನ್ನಾಭಿಪ್ರಾಯ ತಳೆದರು. ಒಬ್ಬ ಪದಕರ್ತನ ಹೆಸರಿಗಾಗಿ ಹಿರಿಯ ವಿದ್ವಾಂಸರು ಅಷ್ಟು ಶ್ರಮಪಟ್ಟ ನೆಲದಲ್ಲಿ ನಿಂತು “ಹೆಸರಿನಲ್ಲೇನಿದೆ?” ಎಂದು ಕೇಳುವುದು ನಮಗೆ ಶೋಭಿಸುವುದಿಲ್ಲ.

“ಜನಪದ ಗೀತೆಗೆ ಕರ್ತೃವೆಲ್ಲಿ?” ಎಂಬುದು ಎರಡನೆಯ ಆಕ್ಷೇಪ. ಕರ್ತೃ ತಿಳಿಯದಿದ್ದರೆ ‘ಜನಪದ’ ಎಂದೇ ಬರೆಯಿರಿ. ಯಾವ ಸೀಮೆಯದು, ಯಾವ ಕೆಲಸದ ಹೊತ್ತಿನಲ್ಲಿ ಹಾಡುತ್ತಿದ್ದರು ಎಂಬುದನ್ನು ಸೇರಿಸಿರಿ. ನಾಟಿಯ ಹಾಡು, ಬೀಸುವ ಹಾಡು, ಜೋಗುಳ ಎಂದರೆ ಅದೂ ಒಂದು ಕುಲಗೋತ್ರವೇ. ಗೊತ್ತಿಲ್ಲದ ಹೆಸರನ್ನು ಹೇಳಬೇಕೆಂದು ಯಾರೂ ಕೇಳುತ್ತಿಲ್ಲ. ಗೊತ್ತಿರುವ ಹೆಸರನ್ನು ನುಂಗಬಾರದೆಂಬುದಷ್ಟೇ ಬೇಡಿಕೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಅಪಾಯಕಾರಿ. “ಮಕ್ಕಳ ಸ್ವರ ಕೂಡುವುದಿಲ್ಲ, ಶ್ರುತಿ ನಿಲ್ಲುವುದಿಲ್ಲ, ಧ್ವನಿಮುದ್ರಿಕೆ ಹಾಕಿಬಿಟ್ಟರೆ ಸಭೆ ಕಳೆಗಟ್ಟುತ್ತದೆ” ಎನ್ನುತ್ತಾರೆ. ಹೀಗಾಗಿ ನಮ್ಮ ವೇದಿಕೆಗಳಲ್ಲಿ ಮಕ್ಕಳು ಬಾಯಿ ಆಡಿಸುತ್ತಾರೆ, ಹಾಡುವುದು ಮೊಬೈಲು. ಹಾಡಿನ ಕರ್ತೃಗಳು ಮರೆಯಾದ ಮೇಲೆ ಈಗ ಹಾಡುಗಾರರೂ ಮರೆಯಾದರು! ಇದಕ್ಕೂ ಮೇಲಿನ ಮರೆವಿಗೂ ಬೇರು ಒಂದೇ: ಹಾಡನ್ನು ಕೊಂಡು ತರುವ ಸರಕೆಂದು ಬಗೆಯುವುದು.

ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಊರೂರಿನಲ್ಲಿ ಹಾಡಿ ಕನ್ನಡ ಕವಿತೆಯನ್ನು ಜನರ ನಾಲಗೆಗೆ ತಲುಪಿಸಿದರು. ಪುಸ್ತಕ ಕೊಳ್ಳಲಾರದವನೂ ಕವಿತೆಯನ್ನು ಕಲಿತನು. ಇತ್ತ ಕೇರಳದ ಚಲನಚಿತ್ರಗಳಿಗೆ ಸಂಗೀತ ನೀಡಿ ಹೆಸರಾದ ಎಂ. ಬಿ. ಶ್ರೀನಿವಾಸನ್ ಅವರು 1970ರ ದಶಕದಲ್ಲಿ ಮದರಾಸ್ ಯೂತ್ ಕ್ವಾಯರ್ ಎಂಬ ವೃಂದವನ್ನು ಕಟ್ಟಿ, ಹಲವು ಕಂಠಗಳನ್ನು ಒಂದಾಗಿ ಹಾಡಿಸುವುದನ್ನೇ ವ್ರತವಾಗಿ ಕೈಗೊಂಡರು. ವೃಂದಗಾನದ ಗುಣವೇ ಅದು: ಹಿಂದುಳಿದ ಕಂಠವನ್ನು ಮುಂದಿನ ಕಂಠ ಎಳೆದುಕೊಂಡು ಹೋಗುತ್ತದೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತನಾಡುವ ನಮ್ಮ ಮಕ್ಕಳಿಗೆ ಕನ್ನಡದ ಒತ್ತಕ್ಷರವೂ ಮಹಾಪ್ರಾಣವೂ ಸಲೀಸಾಗಿ ಒಲಿಯುವುದು ವ್ಯಾಕರಣದ ಪಾಠದಲ್ಲಲ್ಲ, ನಾಲ್ವತ್ತು ಮಂದಿ ಕೂಡಿ ಹಾಡುವ ಹಾಡಿನಲ್ಲಿ. ಅಲ್ಲಿ ಒಬ್ಬನೇ ತಪ್ಪುವ ಭಯವಿಲ್ಲ. ಆ ಹಾಡನ್ನೂ ಯಂತ್ರಕ್ಕೆ ಒಪ್ಪಿಸಿದರೆ ಮಗುವಿನ ನಾಲಗೆಗೆ ಉಳಿಯುವುದೇನು?

ಗಡಿಯಾಚೆಯ ಕನ್ನಡಿಗರಾದ ನಮಗೆ ಹಾಡೆಂದರೆ ವಿನೋದವಲ್ಲ. ಗದಗಿನ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರ ಗೀತೆ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದಾಗ ಕನ್ನಡ ನಾಡೆಂಬುದು ಭೂಪಟದಲ್ಲಿರಲಿಲ್ಲ; ಹಾಡಿನಲ್ಲಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಇಲ್ಲಿನ ಸಂಕಟಕ್ಕೆ ಮಾತು ಕೊಟ್ಟವರು, ಅಧ್ಯಾಪಕರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು. ನೂರು ವರ್ಷ ಬಾಳಿ 2015ರಲ್ಲಿ ಅವರು ತೀರಿಕೊಂಡರು. ಅವರ ಪದ್ಯಗಳನ್ನು ಹಾಡುವ ಮಗುವಿಗೆ, ಈ ಕವಿ ನಮ್ಮ ಪೆರಡಾಲದವರು, ನಮ್ಮಂತೆಯೇ ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿದವರು ಎಂದು ತಿಳಿಸದಿದ್ದರೆ, ಕನ್ನಡದ ಕವಿಗಳೆಲ್ಲ ಘಟ್ಟದ ಮೇಲಿನವರೆಂದೇ ಅದು ನಂಬುತ್ತದೆ. ತನ್ನ ಊರಿನ ಮಣ್ಣಿನಲ್ಲಿ ಹಾಡು ಹುಟ್ಟೀತೆಂಬ ನೆಚ್ಚಿಕೆ ಆ ಮಗುವಿಗೆ ಎಲ್ಲಿಂದ ಬರಬೇಕು?

ಆದಕಾರಣ ಅಧ್ಯಾಪಕ ಬಂಧುಗಳ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ. ಹಾಡು ಕಲಿಸುವ ದಿನ ಕರಿಹಲಗೆಯ ಮೇಲೆ ಮೊದಲು ಎರಡು ಹೆಸರುಗಳನ್ನು ಬರೆಯೋಣ: ಕವಿಯದು, ಮಟ್ಟು ಕಟ್ಟಿದವರದು, ತಿಳಿದಿದ್ದರೆ ರಾಗತಾಳಗಳನ್ನೂ ಬರೆಯೋಣ. ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಹೆಸರುಗಳಿಲ್ಲದೆ ಯಾವ ಹಾಡನ್ನೂ ಅಚ್ಚುಹಾಕಿಸದಿರೋಣ. ಧ್ವನಿಮುದ್ರಿಕೆ ಕಲಿಯುವ ಕೋಣೆಯಲ್ಲಿರಲಿ, ವೇದಿಕೆಯ ಮೇಲೆ ಮಕ್ಕಳ ಕಂಠವೇ ಇರಲಿ. ಶ್ರುತಿ ಎಳೆದಾಡಿದರೂ ಚಿಂತೆಯಿಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮಗೂ ಒಂದು ಮಾತು. ಅಧ್ಯಾಪಕರು ಹೆಸರು ಹೇಳಲು ಮರೆತರೆ ನೀವೇ ಕೈಯೆತ್ತಿ ಕೇಳಿರಿ: “ಇದಕ್ಕೆ ಮಟ್ಟು ಕಟ್ಟಿದವರು ಯಾರು, ಸರ್?” ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರುವುದು ಅಧ್ಯಾಪಕರ ಕರ್ತವ್ಯ, ಅದರಿಂದ ಅವರ ಗೌರವ ಕುಂದುವುದಿಲ್ಲ.