ನೌರು ಹಾಕಿದ ಜಾಮೀನು

ಪರರ ಸಾಲಕ್ಕೆ ಜಾಮೀನು ನಿಲ್ಲಬಹುದೇ ಎಂದು ಕೇಳಿಕೊಂಡು ಬರುವ ಕುಟುಂಬಸ್ಥರಿಗೆ ನಾವು ಹೇಳುವ ಮಾತು ಒಂದೇ: ಸಹಿ ಹಾಕುವ ಮುನ್ನ ಸಾಲಗಾರನ ಗಳಿಕೆಯನ್ನಲ್ಲ, ನಿಮ್ಮ ಗಳಿಕೆಯನ್ನು ನೋಡಿಕೊಳ್ಳಿ. ಈ ವಾರ ಅದನ್ನು ಒಂದು ರಾಷ್ಟ್ರದ ಕುರಿತು ಹೇಳಬೇಕಾಗಿದೆ.

ಪೆಸಿಫಿಕ್ ಸಾಗರದ ನೌರು ದ್ವೀಪದ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 12,000. ಕಳೆದ ಶತಮಾನದ ಆರಂಭದಿಂದಲೇ ವಿದೇಶೀಯರು ಅಲ್ಲಿಯ ಫಾಸ್ಫೇಟನ್ನು ಅಗೆದು ಗೊಬ್ಬರಕ್ಕಾಗಿ ಸಾಗಿಸಿದರು. 1968ರಲ್ಲಿ ಸ್ವಾತಂತ್ರ್ಯ ದೊರೆತ ಬಳಿಕ ದ್ವೀಪವಾಸಿಗಳೇ ಉದ್ಯಮವನ್ನು ವಹಿಸಿಕೊಂಡರು, ಕೆಲಕಾಲ ಜಗತ್ತಿನ ಸಿರಿವಂತರ ಸಾಲಿನಲ್ಲಿದ್ದರು. ಆ ಹಣ ದುರಾಡಳಿತದಲ್ಲಿ ಕರಗಿತು. ಮೆಲ್ಬೋರ್ನ್ ನಗರದಲ್ಲಿದ್ದ ಬಹುಮಹಡಿ ಕಟ್ಟಡವೂ 2004ರಲ್ಲಿ ಮಾರಾಟವಾಯಿತು. ಉಳಿದುದು ಸುಣ್ಣಕಲ್ಲಿನ ಮೊನೆಗಳೆದ್ದ ಬರಡು ನೆಲ, ದ್ವೀಪದ ಐದರಲ್ಲಿ ನಾಲ್ಕು ಪಾಲು.

ನೆಲ ಬರಿದಾದ ಮೇಲೆ ಕಣ್ಣು ಕಡಲಿನತ್ತ ಹೊರಳಿತು. ಮೆಕ್ಸಿಕೊ ಮತ್ತು ಹವಾಯಿ ನಡುವಣ ಅಂತಾರಾಷ್ಟ್ರೀಯ ಸಾಗರದಲ್ಲಿ, 4,000 ಮೀಟರಿಗೂ ಮಿಗಿಲಾದ ಆಳದಲ್ಲಿ, ನಿಕ್ಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ಅಡಗಿರುವ ಆಲೂಗಡ್ಡೆ ಗಾತ್ರದ ಉಂಡೆಗಳು ಹರಡಿವೆ. ಅವನ್ನೆತ್ತಬಯಸುವ ಕಂಪೆನಿಗೆ ಒಂದು ರಾಷ್ಟ್ರದ ಪ್ರಾಯೋಜಕತ್ವ ಬೇಕು. ಕೆನಡಾದ ಕಂಪೆನಿಯೊಂದರ ಅಂಗಸಂಸ್ಥೆಗೆ ನೌರು ತನ್ನ ಹೆಸರನ್ನು ಕೊಟ್ಟಿದೆ.

ಹಾನಿಯಾದರೆ ತೆರುವವರಾರು? ಈ ಪ್ರಶ್ನೆಯನ್ನೆತ್ತಿದುದು ಸ್ವತಃ ನೌರು ಸರಕಾರವೇ. ಹೊಣೆಯ ಮೊತ್ತ ತನ್ನ ಆರ್ಥಿಕ ಶಕ್ತಿಯನ್ನು ಬಹುವಾಗಿ ಮೀರಬಹುದೆಂದು ಅದು 2010ರಲ್ಲಿ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ತಿಳಿಸಿತ್ತು. ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿ 2011ರಲ್ಲಿ ಕೊಟ್ಟ ಅಭಿಪ್ರಾಯದ ಸಾರವಿಷ್ಟು: ಪ್ರಾಯೋಜಕ ರಾಷ್ಟ್ರವು ತಕ್ಕ ಕಾನೂನು ರಚಿಸಿ ಮೇಲ್ವಿಚಾರಣೆ ನಡೆಸಿದ್ದರೆ ಹೊಣೆಯಿಲ್ಲ, ಅದರಲ್ಲಿ ಲೋಪವೆಸಗಿ ಹಾನಿಯಾದರೆ ಹೊಣೆಯುಂಟು, ಬಡ ರಾಷ್ಟ್ರವೆಂದು ವಿನಾಯಿತಿಯಿಲ್ಲ. ತತ್ತ್ವಶಾಸ್ತ್ರ ಓದಿದ ನಮಗೆ ಈ ತರ್ಕದಲ್ಲಿ ದೋಷ ಕಾಣದು. ಆದರೆ ಒಂದು ದೊಡ್ಡ ಗ್ರಾಮದಷ್ಟು ಜನರುಳ್ಳ ದೇಶವು, ಸಾವಿರಾರು ಕಿಲೋಮೀಟರು ದೂರದಲ್ಲಿ, ಕಗ್ಗತ್ತಲಿನಾಳದಲ್ಲಿ ಓಡುವ ಯಂತ್ರಕ್ಕೆ ಮೇಲ್ವಿಚಾರಕರನ್ನು ಎಲ್ಲಿಂದ ತಂದೀತು? ಇನ್ನು ರಾಷ್ಟ್ರ ಕರ್ತವ್ಯ ಮಾಡಿದ್ದು ಕಂಪೆನಿ ದಿವಾಳಿಯೆದ್ದರೆ, ನಷ್ಟ ತುಂಬಲು ಯಾರೂ ಇಲ್ಲ! ಇಂಥ ಸಂದರ್ಭಕ್ಕೆ ನಿಧಿಯೊಂದನ್ನು ಸ್ಥಾಪಿಸಬಹುದೆಂದು ನ್ಯಾಯಮಂಡಳಿಯೇ ಸೂಚಿಸಿತ್ತು.

ಹಾನಿ ಬೇಗ ಮಾಯುವಂಥದೂ ಅಲ್ಲ. ಆ ಉಂಡೆ ಕೆಲವೇ ಮಿಲಿಮೀಟರು ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಪೆರು ದೇಶದಾಚೆ 1989ರಲ್ಲಿ ಪ್ರಯೋಗಾರ್ಥ ಉತ್ತ ಸಮುದ್ರತಳದ ಸಾಲುಗಳು 2015ರಲ್ಲಿಯೂ ಅಳಿಸಿರಲಿಲ್ಲ. ಎದ್ದ ಕೆಸರು ಟ್ಯೂನಾ ಮೀನಿಗೆ ಎರವಾದರೆ? ವಿದೇಶೀ ಹಡಗುಗಳು ತೆರುವ ಮೀನುಗಾರಿಕೆ ಶುಲ್ಕ ನೌರುವಿನ ಬೊಕ್ಕಸಕ್ಕೆ ದೊಡ್ಡ ಆಸರೆ. ಗಣಿಪ್ರದೇಶ ದೂರವೆಂಬುದು ನಿಜ; ಆದರೆ ಟ್ಯೂನಾ ಅಲೆಮಾರಿ ಮೀನು, ಗಡಿ ಅರಿಯದು.

ವಿದ್ಯುತ್ ವಾಹನಗಳಿಗೆ ಈ ಲೋಹಗಳು ಬೇಕೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಬೇರೆ ಆದಾಯದ ದಾರಿ ತೋರಿಸದೆ ಬಡವನಿಗೆ ಬುದ್ಧಿವಾದ ಹೇಳುವುದೂ ಸಲ್ಲದು. ಆದರೆ 2025ರಲ್ಲಿ ಆ ಕಂಪೆನಿ ಪ್ರಾಧಿಕಾರವನ್ನು ಬದಿಗಿಟ್ಟು ಅಮೆರಿಕದ ಕಾನೂನಿನಡಿ ಪರವಾನಿಗೆಗೆ ಅರ್ಜಿ ಹಾಕಿತು. ಜಾಮೀನುದಾರನ ಹೆಸರಿನಿಂದ ಒಂದು ಬಾಗಿಲು ತಟ್ಟಿದವನು ಈಗ ಇನ್ನೊಂದು ಬಾಗಿಲಲ್ಲಿ ನಿಂತಿದ್ದಾನೆ. ನಷ್ಟಪರಿಹಾರದ ಹಣವನ್ನು ಕಂಪೆನಿ ಮುಂಗಡವಾಗಿ ಠೇವಣಿ ಇಡುವವರೆಗೆ ನೌರು ತನ್ನ ಸಹಿಯನ್ನು ಹಿಂದೆಗೆದುಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.